ಕಡ್ಡಿ ಮುರಿದ ಕೇಸು

"ಮುರೀತಿಯೋ ಇಲ್ಲೋ, ಒಂದು ಮಾತು ಹೇಳಪಾ," ಎಂದು ಹಿರಿಯ ಭರಮಣ್ಣ ಬೇವಿನ ಕಡ್ಡಿಯನ್ನು ಮೂರನೆಯ ಸಲ ಮೂಕಪ್ಪನ ಮುಂದೆ ಹಿಡಿದ. ಕಂಪ್ಲಿಯ ಕಟ್ಟೆಯ ಮೇಲೆ ಕುಲದವರೆಲ್ಲ ಕೂತಿದ್ದರು. ಗಂಡ ಈ ಕಡ್ಡಿ ಮುರಿದರೆ ಹೆಂಡತಿಗೆ ಬಿಡುಗಡೆ. ಅವಳು ಬೇರೊಬ್ಬನನ್ನು ಉಡಿಕೆ, ಅಂದರೆ ಮರುಮದುವೆ, ಮಾಡಿಕೊಳ್ಳಬಹುದು. ಅಜ್ಜಂದಿರ ಕಾಲದಿಂದ ನಡೆದುಬಂದ ಪದ್ಧತಿ.

ಮೂಕಪ್ಪ ಕಡ್ಡಿ ಮುಟ್ಟಲಿಲ್ಲ. ತಾನೇ ಕರೆತಂದು ಕುರ್ಚಿ ಹಾಕಿ ಕೂಡಿಸಿದ್ದ ಬ್ಯಾರಿಸ್ಟರ್ ಹಾಲಸ್ವಾಮಿಯವರ ಮುಖ ನೋಡಿದ.

ಹಾಲಸ್ವಾಮಿಯವರು ಲಂಡನ್ನಿಗೆ ಹೋಗಿ ಕಾನೂನು ಕಲಿತು, ಹೊಸಪೇಟೆಗೆ ಬಂದು ಸಂಸಾರಗಳ ಕೇಸು ಹಿಡಿದವರು. ಬೋರ್ಡಿನ ಮೇಲೆ ಪಾಲು, ದತ್ತಕ, ಜೀವನಾಂಶ, ಮಕ್ಕಳ ಪಾಲನೆ ಎಂದು ಬರೆಸಿದ್ದರು. ಹತ್ತು ವರ್ಷದಲ್ಲಿ ಎಷ್ಟು ಮನೆ ಒಡೆಸಿದ್ದರೋ, ಅವರ ಮಹಡಿ ಅಷ್ಟು ಗಟ್ಟಿಯಾಗಿ ನಿಂತಿತ್ತು. ಒಂದೇ ಕೊರಗು: ಮದರಾಸ್ ಹೈಕೋರ್ಟಿನ ತೀರ್ಪಿನ ಪುಸ್ತಕದಲ್ಲಿ ಅವರ ಹೆಸರು ಇನ್ನೂ ಅಚ್ಚಾಗಿರಲಿಲ್ಲ. ಈ ಕಡ್ಡಿಯೇ ಅಲ್ಲಿತನಕ ಏಣಿಯಾದೀತೆಂದು ಅವರ ಆಸೆ.

"ಕಡ್ಡಿ ಮುರಿದ್ರ ಮದುವಿ ಮುರಿಯಂಗಿಲ್ಲ. ಕೋರ್ಟಿನಾಗ ಇದು ಬರೇ ಕಸ," ಎಂದರು. "ಬೇಕಾದ್ರ ಇವರು ಬಳ್ಳಾರಿಗೆ ಬರಲಿ, ಮದರಾಸಿಗೆ ಬರಲಿ."

ಮೂಕಪ್ಪನ ಹೆಂಡತಿ ಹೊಳೆಮ್ಮನಿಗೆ ನಿಂತಲ್ಲಿ ನಿಲ್ಲಲಾಗುತ್ತಿರಲಿಲ್ಲ. ಸಂಡೂರಿನ ಗಣಿಗೆ ಹೋದ ಗಂಡ ಅಲ್ಲೇ ಇನ್ನೊಬ್ಬಳನ್ನು ಇಟ್ಟುಕೊಂಡು ನಾಲ್ಕು ವರ್ಷವಾಗಿತ್ತು. ಇವಳನ್ನು ಕರೆದುಕೊಳ್ಳಲೂ ಇಲ್ಲ, ಬಿಡಲೂ ಇಲ್ಲ. ಆಚೆ, ಅವಳನ್ನು ಉಡಿಕೆ ಮಾಡಿಕೊಳ್ಳಲು ಬಂದ ದರೋಜಿಯ ಪಕ್ಕೀರಪ್ಪನ ಬಂಡಿ ನಿಂತಿತ್ತು. ಅವನ ಕಡೆಯವರು ಬೇಸತ್ತು ಎತ್ತು ಹೂಡುತ್ತಿದ್ದರು. ಇವತ್ತು ಖಾಲಿ ಹೋದರೆ ಆ ಬಂಡಿ ಮತ್ತೆ ಬರುವುದಿಲ್ಲ.

"ಮದರಾಸಿನಾಗ ಎಷ್ಟು ದಿನ ಹಿಡೀತೈತ್ರಿ, ಸಾಹೇಬ್ರ?" ಎಂದು ಕೇಳಿದಳು.

"ಐದು ವರ್ಷ. ಆರೂ ಆಗಬಹುದು."

"ಅಷ್ಟ್ರಾಗ ನಾನ ಕಡ್ಡಿ ಆಗಿರ್ತೀನಿ ಬಿಡ್ರಿ."

ಕಟ್ಟೆ ನಕ್ಕಿತು. ಬಂಡಿಯಿಂದ ಪಕ್ಕೀರಪ್ಪನ ಮಾವ ಕೂಗಿದ, "ಹೊತ್ತಾತು, ಹೊಂಡೋಣೇನು?"

ಹೊಳೆಮ್ಮ ಆ ಕಡೆ ನೋಡಿದಳು, ಈ ಕಡೆ ನೋಡಿದಳು, ಸೆರಗಿನ ತುದಿಯನ್ನು ಬೆರಳಿಗೆ ಸುತ್ತಿ ಬಿಚ್ಚಿದಳು. ಆಮೇಲೆ ಭರಮಣ್ಣನ ಕೈಯಿಂದ ಕಡ್ಡಿ ತೆಗೆದುಕೊಂಡು ಬ್ಯಾರಿಸ್ಟರ ಎದುರಿಗೇ ಬಂದಳು.

"ಇನ್ನೊಮ್ಮೆ ಹೇಳ್ರಿ. ಇದನ್ನ ಮುರಿದ್ರ ಏನಾಗ್ತೈತಿ?"

"ಏನೂ ಆಗಂಗಿಲ್ಲ."

"ಮುರಿದ ಮ್ಯಾಲೂ ನಾನು ಇವನ ಹೆಣ್ತಿನ?"

"ಅದರಾಗ ಅನುಮಾನನ ಇಲ್ಲ."

ಹೊಳೆಮ್ಮ ಗಂಡನ ಕಡೆ ತಿರುಗಿದಳು. "ಏನಪಾ, ಕೇಳಿದ್ಯಾ? ನಾಕು ಮಂದಿ ಮುಂದ ಹೇಳ್ಯಾರ. ಏನೂ ಆಗಂಗಿಲ್ಲಂತ. ಹಂಗಾದ್ರ ಮುರಿ. ಕಸಕ್ಕ ಯಾಕ ಅಂಜ್ತಿ?"

ಮೂಕಪ್ಪ ಅವಳ ಕೈಯಿಂದ ಕಡ್ಡಿ ತೆಗೆದುಕೊಂಡು ಬ್ಯಾರಿಸ್ಟರನ್ನು ನೋಡಿದ. "ಮುರೀಲೇನ್ರಿ?"

ಬೇಡ ಅಂದರೆ ಕಡ್ಡಿಗೆ ಬಲ ಇದೆ ಎಂದು ತಾವೇ ಒಪ್ಪಿದಂತೆ. ಹಾಲಸ್ವಾಮಿಯವರು ಕಾಲರಿನೊಳಗೆ ಬೆರಳು ಹಾಕಿ ಎಳೆದುಕೊಂಡರು. ಟೋಪಿ ತೆಗೆದರು, ಮತ್ತೆ ಹಾಕಿಕೊಂಡರು. "ಕಾನೂನಿನ ಪ್ರಕಾರ... ಏನೂ ಆಗಂಗಿಲ್ಲ," ಎಂದರು, ಈ ಸಲ ಸಣ್ಣ ದನಿಯಲ್ಲಿ.

ಮೂಕಪ್ಪ ಮುರಿದ.

"ಆತು, ಏಳ್ರಪಾ," ಎಂದು ಭರಮಣ್ಣ ಎದ್ದ. ಅವನ ಹಿಂದೆ ಕುಲವೇ ಎದ್ದಿತು. ಹೊಳೆಮ್ಮ ಓಡಿಹೋಗಿ ಬಂಡಿ ಹತ್ತಿದಳು. ಯಾರೂ ತಡೆಯಲಿಲ್ಲ; ತಡೆಯಬೇಕಾದ ಕಾನೂನು ಕುರ್ಚಿಯಲ್ಲಿ ಕೂತೇ ಇತ್ತು.

ಬಂಡಿ ಕಣ್ಮರೆಯಾದ ಮೇಲೆ ಮೂಕಪ್ಪ ಎರಡೂ ತುಂಡುಗಳನ್ನು ಬ್ಯಾರಿಸ್ಟರ ಮುಂದೆ ಹಿಡಿದ.

"ಆಕಿ ಇನ್ನೂ ನನ್ನ ಹೆಣ್ತಿನ ಅಲ್ರಿ?"

"ಹೌದಪಾ, ಖಂಡಿತ."

"ಹಂಗಾದ್ರ ಹೋಗಿ ಕರಕೊಂಡು ಬರ್ರಿ."