ವಿಮೆಯ ತಲೆದಿಂಬು

ಕುಡಿತ ಬಿಡಿಸುವ ವಾರ್ಡಿನ ಖರ್ಚು ವಿಮಾ ಕಂಪನಿಯೇ ಕೊಡಬೇಕೆಂದು ಕಾನೂನು ಬಂತು. ಕಂಪನಿ ಪ್ರತಿ ಹಾಸಿಗೆಗೂ ಒಂದು ತಲೆದಿಂಬು ಕಳಿಸಿತು. ಅದು ರೋಗಿಯ ಕನಸು ಕೇಳುತ್ತದೆ. ಕನಸಿನಲ್ಲಿ ಹೆಂಡವಿಲ್ಲದಿದ್ದರೆ ಮರುದಿನವೇ ಮನೆಗೆ.

ಆ ವಾರ್ಡಿಗೆ ಸೇರಿದ್ದ ನನ್ನ ಹೆಂಡತಿಯ ತಮ್ಮ ಫಕೀರಪ್ಪ ನಡುಗುತ್ತಿದ್ದ. "ಭಾವ, ಈಗಲೇ ಹೊರಗೆ ಹೋದರೆ ಮತ್ತೆ ಕುಡೀತೀನಿ. ಆದರೆ ಹಾಳಾದ ಕನಸೇ ಬೀಳ್ತಿಲ್ಲ."

"ನಾನಿಲ್ವೇನೋ? ನಾನು ಬಾಯಿ ಬಿಟ್ಟರೆ ಸಮುದ್ರವೇ ಅಮಲೇರಿ ತೂರಾಡುತ್ತೆ!"

ಮಧ್ಯಾಹ್ನ ಅವನಿಗೆ ನಿದ್ದೆ ಹತ್ತಿತು. ಆ ಕಳ್ಳ ದಿಂಬನ್ನು ಓರೆಗಣ್ಣಿನಲ್ಲೇ ಕಾಯುತ್ತ, ಥೇಟ್ ಅವನ ದನಿಯಲ್ಲಿ ನಾನೇ ಪಿಸುಗುಟ್ಟಿದೆ: ತುಂಗಭದ್ರೆಯ ತುಂಬ ಬ್ರಾಂದಿ, ದಡದುದ್ದಕ್ಕೂ ಹುರಿದ ಮೀನು, ಗಂಟಲಲ್ಲಿ ಬೆಚ್ಚಗೆ ಇಳಿಯುವ ಮೊದಲ ಗುಟುಕು...

"ಹಾಸಿಗೆ ಮಂಜೂರಾಗಿದೆ," ಎಂದಿತು ದಿಂಬು. ನಾನು ಮೀಸೆ ತಿರುವಿದೆ.

"ಫಕೀರಪ್ಪನವರು ನಾಳೆ ಮನೆಗೆ ಹೋಗಬಹುದು. ಹಾಸಿಗೆ ಪಿಸುಗುಟ್ಟಿದವರಿಗೆ. ಬಾಯಲ್ಲಿ ನೀರೂರಿದ್ದು ಅವರಿಗೇ."