ಆರಿಸಿಟ್ಟ ಎಚ್ಚರಿಕೆ

ರೋಗಿಯ ಮೈಗೆ ಒಗ್ಗದ ಔಷಧಿ ಬರೆದರೆ ಆಸ್ಪತ್ರೆಯ ಕಂಪ್ಯೂಟರಿನಲ್ಲಿದ್ದ ಟ್ರಿಗರ್ ಎಂಬ ಎಚ್ಚರಿಕೆಯ ವ್ಯವಸ್ಥೆ ಕೂಡಲೇ ತಡೆಯುತ್ತಿತ್ತು. ಹಳೆಯ ದಾಖಲೆಗಳನ್ನು ಹೊಸ ಆವೃತ್ತಿಗೆ ತುಂಬುವ ಮುನ್ನ ಕಂಪ್ಯೂಟರ್ ವಿಭಾಗದ ಹುಡುಗಿ ತಾನೇ ಅದನ್ನು ಆಫ್ ಮಾಡಿ ಆರಿಸಿಟ್ಟಿದ್ದಳು.

“ಈಗ ಹಾಕಿಬಿಡಲಾ ಸರ್?” ಎಂದು ಮೇಲಧಿಕಾರಿಯನ್ನು ಕೇಳಿದಳು.

“ತುಂಬೋದು ಮುಗೀಲಮ್ಮ. ಈಗ್ಲೇ ಹಾಕಿದ್ರೆ ಹತ್ತು ವರ್ಷದ ಎಚ್ಚರಿಕೆಯೆಲ್ಲ ಒಟ್ಟಿಗೇ ಬಡ್ಕೊಳ್ಳುತ್ತೆ.”

“ವಾರ್ಡಿನವರು ಹೊಸದರಲ್ಲಿ ಬರೀತಿಲ್ಲ ತಾನೆ?”

“ಮಧ್ಯಾಹ್ನದವರೆಗೂ ಚೀಟೀಲೇ ಬರೀರಿ ಅಂತ ನೋಟಿಸ್ ಕಳಿಸಿದ್ದೀನಿ. ನೀನು ಕೇಳ್ತಿರೋದು ಇದು ನಾಲ್ಕನೇ ಸಲ.”

ಅವಳು ನಾಚಿ ಮತ್ತೆ ದಾಖಲೆ ತುಂಬಲು ಕೂತಳು.

ಅಷ್ಟರಲ್ಲಿ ವಾರ್ಡಿನ ಹಿರಿಯ ನರ್ಸ್ ನಗುತ್ತ ಒಳಬಂದರು. “ಹೊಸದು ಎಷ್ಟು ಸಲೀಸು ಸರ್. ಬೆಳಗ್ಗೆಯಿಂದ ಎಲ್ಲರ ಇಂಜೆಕ್ಷನ್ನೂ ಅದರಲ್ಲೇ ಬರೆದು ಕೊಟ್ವಿ, ಒಂದಕ್ಕೂ ತಡೀಲಿಲ್ಲ.”