ಬಳಗ ಬಿಡದ ಕಳ್ಳ

ಅಂಬಿಗ ಬಳಗ ಬಿಟ್ಟ. ಗಡಿಯಾರ ರಿಪೇರಿಯವನು ಬಿಟ್ಟ. ಬಾಯಿಬಡುಕಿ ಅತ್ತೆಯೂ "ನನಗಿನ್ನು ಈ ಕಥೆ ಸಾಕಪ್ಪಾ" ಎಂದು ಬರೆದು ಹೊರಟುಹೋದಳು. ಕಳ್ಳ ಮಾತ್ರ ಜಪ್ಪಯ್ಯ ಎಂದರೂ ಅಲುಗಲಿಲ್ಲ.

"ಯಾರು ಹೋದರೂ ನಾನಿದ್ದೇನೆ. ಕೊನೆಯ ಅಧ್ಯಾಯ ಓದದೆ ಕದಲುವುದಿಲ್ಲ. ಉಳಿದವರೂ ದಯವಿಟ್ಟು ಹೋಗಬೇಡಿ" ಎಂದು ಬರೆದ.

ಅಕ್ಕ ಫೋನನ್ನು ಹೊಲಿಗೆ ಮಿಷನ್ನಿನ ಮೇಲೆ ಕುಕ್ಕಿದಳು. "ಇವನ ಮನೆ ಹಾಳಾಗ!" ಮೇಲಿನ ಕೋಣೆಯಲ್ಲಿ ಕೀಲಿಮಣೆಯ ಸದ್ದು ನಿಂತಿತ್ತು. ತಮ್ಮ ಇದನ್ನೇ ಓದುತ್ತಿರಬೇಕು ಎಂದುಕೊಂಡಳು. ಸ್ವಲ್ಪ ಹೊತ್ತಿಗೆ ಮತ್ತೆ ಟಕಟಕ ಶುರುವಾಯಿತು, ಮೊದಲಿಗಿಂತ ಜೋರಾಗಿ.

ತಮ್ಮ ಕಾದಂಬರಿಕಾರ. ಅಚ್ಚು ಹಾಕುವವರು ಯಾರೂ ಸಿಗದಿದ್ದಾಗ ಇಂಟರ್ನೆಟ್ಟಿನಲ್ಲಿ ಓದುಗರ ಬಳಗವೊಂದನ್ನು ತೆರೆದ. ಅಧ್ಯಾಯ ಬರೆದಂತೆಲ್ಲ ಅಲ್ಲಿ ಹಾಕುವುದು. ಸೇರುವವರು ಸ್ವಂತ ಹೆಸರು ಹೇಳುವಂತಿಲ್ಲ, ಕಾದಂಬರಿಯ ಯಾವುದಾದರೂ ಪಾತ್ರದ ಹೆಸರು ಹೊತ್ತೇ ಒಳಗೆ ಬರಬೇಕು. ಬಾಗಿಲು ತೆರೆದು ಕೂತದ್ದೇ ಬಂತು, ಒಂದು ನೊಣವೂ ಸುಳಿಯಲಿಲ್ಲ. ತಮ್ಮ ಊಟ ಬಿಟ್ಟ, ಮಾತು ಬಿಟ್ಟ. ಹಾಗಿರುವಾಗ ಒಂದು ಬೆಳಿಗ್ಗೆ ಕಳ್ಳ ಬಂದು ಸೇರಿದ. "ಇಂಥದ್ದನ್ನು ನಾನು ಓದಿಯೇ ಇರಲಿಲ್ಲ" ಎಂದ.

ಅಕ್ಕನಿಗೆ ಹೋದ ಜೀವ ಬಂದಂತಾಯಿತು. ಆದರೆ ಒಬ್ಬನೇ ಕೂತ ಅಂಗಡಿಯಲ್ಲಿ ಆ ಒಬ್ಬನೂ ಎಷ್ಟು ದಿನ ಕೂತಾನು? ಅವಳು ಹೊಲಿಗೆ ಅಂಗಡಿ ಇಟ್ಟ ಹೊಸದರಲ್ಲಿ ಗಿರಾಕಿಗಳಿದ್ದಾರೆಂದು ಕಾಣಲಿ ಅಂತ ಮನೆಯವರದೇ ಬಟ್ಟೆಗಳನ್ನು ಗೂಟಕ್ಕೆ ತೂಗುಹಾಕಿದ್ದರು. ಮೊದಲು ತೂಗಿದ್ದು ತಮ್ಮನ ಅಂಗಿ. ಆ ಉಪಾಯವೂ ಅವನದೇ. ಅದು ನೆನಪಾಗಿ ಅಕ್ಕ ತಾನೇ ಅಂಬಿಗನಾದಳು, ಗಡಿಯಾರದವನಾದಳು, ಅತ್ತೆಯಾದಳು, ಸೂಲಗಿತ್ತಿಯಾದಳು. ಮನೆಯಲ್ಲಿ ಮಾತ್ರ ತನಗೆ ಇಂಟರ್ನೆಟ್ಟು ತಿಳಿಯದು ಎಂದೇ ನಟಿಸಿದಳು. ತಮ್ಮ ಎರಡು ಹೊತ್ತು ಉಣ್ಣತೊಡಗಿದ. ವರ್ಷಗಳು ಹಾಗೇ ಕಳೆದವು.

ಈಗ ಕಣ್ಣಿನ ಡಾಕ್ಟರು ಮುಖ ಗಂಟಿಕ್ಕಿದ್ದರು. ತಮ್ಮನ ಒಂದು ಕಣ್ಣು ಆಗಲೇ ಹೋಗಿತ್ತು. ಇನ್ನೊಂದರ ಒಳಪರದೆ ಬಿಟ್ಟುಕೊಳ್ಳುತ್ತಿದೆ, ತಕ್ಷಣ ಆಪರೇಷನ್ ಆಗಬೇಕು, ಆಮೇಲೆ ವಾರಗಟ್ಟಲೆ ಬೋರಲು ಮಲಗಿರಬೇಕು ಎಂದರು.

"ಕೊನೇ ಅಧ್ಯಾಯ ಮುಗೀಲಿ. ಜನ ಕಾಯ್ತಿದ್ದಾರಕ್ಕಾ" ಎಂದ ತಮ್ಮ.

ಜನ! ಅಕ್ಕನಿಗೆ ಅಳಬೇಕೋ ನಗಬೇಕೋ ತಿಳಿಯಲಿಲ್ಲ. ಕಾಯುವವರೇ ಇಲ್ಲದಿದ್ದರೆ ಬರೆಯುವುದು ನಿಂತೀತು ಎಂದು ತಾನು ಹುಟ್ಟಿಸಿದವರನ್ನು ತಾನೇ ಒಬ್ಬೊಬ್ಬರಾಗಿ ಸಾಗಹಾಕಿದಳು. ಬಳಗದ ಮೇಲೆ ಕಣ್ಣಿಡಲು ಸೂಲಗಿತ್ತಿಯನ್ನಷ್ಟೇ ಉಳಿಸಿಕೊಂಡಳು. ಎಲ್ಲ ಲೆಕ್ಕದಂತೆಯೇ ನಡೆಯಿತು, ಕಳ್ಳನೊಬ್ಬನನ್ನು ಬಿಟ್ಟು.

ಅವನು ಬಾಯಲ್ಲಿನ ಬಿಸಿ ತುಪ್ಪ. ತಮ್ಮನಿಗೆ ದಕ್ಕಿದ ಒಬ್ಬನೇ ನಿಜವಾದ ಓದುಗ. ಅವನನ್ನು ಕಳಿಸಿದರೆ ತಮ್ಮನ ಎದೆ ಒಡೆಯುತ್ತದೆ, ಇಟ್ಟುಕೊಂಡರೆ ಕಣ್ಣು ಹೋಗುತ್ತದೆ. ಅಕ್ಕ ಕಣ್ಣನ್ನೇ ಆರಿಸಿಕೊಂಡಳು. ಸೂಲಗಿತ್ತಿಯ ಹೆಸರಿನಿಂದ ಕಳ್ಳನಿಗೊಬ್ಬನಿಗೇ ಬರೆದಳು:

"ಅಣ್ಣಾ, ನೀವು ಯಾರೋ ಏನೋ. ನಾನು ಅವನ ಅಕ್ಕ. ಅಂಬಿಗ, ಗಡಿಯಾರದವನು, ಅತ್ತೆ, ಸೂಲಗಿತ್ತಿ ಎಲ್ಲಾ ನಾನೇ. ನಿಮ್ಮೊಬ್ಬರನ್ನು ಬಿಟ್ಟರೆ ಅವನನ್ನು ಓದೋರು ಒಂದು ನರಪಿಳ್ಳೆಯೂ ಇಲ್ಲ. ನಾನೂ ಓದ್ತಿರಲಿಲ್ಲ. ಹೊಲಿಗೆ ಮಧ್ಯೆ ಮೊದಲ ನಾಲ್ಕು ಸಾಲು, ಕೊನೇ ನಾಲ್ಕು ಸಾಲು ನೋಡಿ 'ಅದ್ಭುತ' ಅಂತ ಹಾಕ್ತಿದ್ದೆ. ಹೊಟ್ಟೆಪಾಡಿನ ಕೆಲಸ, ಏನು ಮಾಡ್ಲಿ? ನೀವು ಹೋದರೆ ಅವನು ಬರೆಯೋದು ನಿಲ್ಲಿಸ್ತಾನೆ, ಕಣ್ಣು ಉಳಿಯುತ್ತೆ. ದಮ್ಮಯ್ಯ, ಹೋಗಿಬಿಡಿ."

ಓದಿದ ಗುರುತು ಬಿತ್ತು. ಉತ್ತರ ಬರಲಿಲ್ಲ. ಮೇಲಿನ ಕೋಣೆಯಿಂದಲೂ ಸದ್ದಿಲ್ಲ. ಅಕ್ಕ ಒಂದು ಕೋಟಿನ ತೋಳು ಬಿಚ್ಚಿ ಮತ್ತೆ ಹೊಲಿದಳು, ಅದೂ ಉಲ್ಟಾ ಆಯಿತು. ಹೊತ್ತು ಇಳಿದ ಮೇಲೆ ಒಂದೇ ಒಂದು ಪದ ಬಂತು: "ಆಗಲಿ." ಕಳ್ಳ ಬಳಗ ಬಿಟ್ಟ.

"ಸದ್ಯ, ಹೋದ ಪುಣ್ಯಾತ್ಮ" ಎಂದು ನಿಟ್ಟುಸಿರು ಬಿಟ್ಟಳು. ಮರುಗಳಿಗೆಯೇ ಸೆರಗಿನಲ್ಲಿ ಮುಖ ಮುಚ್ಚಿಕೊಂಡಳು. ಬಂದಿದ್ದ ಒಬ್ಬನನ್ನೂ ಕತ್ತು ಹಿಡಿದು ದಬ್ಬಿದವಳು ತಾನೇ ಅಲ್ಲವೇ?

ತಮ್ಮ ಗೋಡೆ ತಡವುತ್ತ ಮೆಟ್ಟಿಲಿಳಿದು ಬಂದ.

"ಅಕ್ಕಾ, ನಾಳೆ ಆಸ್ಪತ್ರೆಗೆ ಹೋಗೋಣ."

"ಪುಸ್ತಕ ಮುಗೀತೇನೋ?"

"ಮುಗೀತು ಅನ್ನು. ಕೊನೇ ನಾಲ್ಕು ಸಾಲು ಬಾಕಿ. ಬಿಡು, ಏನಾಗ್ಬೇಕಿದೆ."

"ಓದೋರು ಬೇಜಾರು ಮಾಡ್ಕೊಳ್ಳಲ್ವಾ?" ಏನೂ ತಿಳಿಯದವಳಂತೆ ಕೇಳಿದಳು.

ತಮ್ಮ ಅವಳ ಮುಖವಿದ್ದ ಕಡೆಗೆ ಬಹಳ ಹೊತ್ತು ನೋಡಿದ. "ಇಲ್ಲಕ್ಕಾ. ಅವರಿಗೂ ಕೆಲಸ ಇರುತ್ತೆ, ಪಾಪ. ನೀನು ಊಟ ಮಾಡಿದ್ಯಾ?"

ಮರುದಿನ ಡಾಕ್ಟರು ಕಣ್ಣಿಗೆ ದೀಪ ಹಿಡಿದು ನೋಡಿ ತಲೆಯಾಡಿಸಿದರು. "ತಡ ಮಾಡಿಬಿಟ್ರಿ. ಪ್ರಯತ್ನ ಮಾಡ್ತೀವಿ. ಆಸೆ ಮಾತ್ರ ಇಟ್ಕೋಬೇಡಿ." ತಮ್ಮನನ್ನು ಒಳಗೆ ಕರೆದೊಯ್ದರು. ನರ್ಸ್ ಅವನ ಕನ್ನಡಕ, ಕೈಗಡಿಯಾರ, ಫೋನು ತಂದು ಅಕ್ಕನ ಮಡಿಲಿಗೆ ಹಾಕಿ ಹೋದಳು.

ಅಕ್ಕ ಗೋಡೆಗೆ ಒರಗಿ ಕೂತಳು. ಕಣ್ಣೂ ಹೋಯಿತು, ಓದುಗರೂ ಹೋದರು. ಎದ್ದ ಮೇಲೆ ಅವನು ಯಾವುದನ್ನು ನೆಚ್ಚಿಕೊಂಡು ಬದುಕಬೇಕು? ತನ್ನ ಫೋನು ತೆಗೆದಳು. ಅಂಬಿಗ, ಗಡಿಯಾರದವನು, ಅತ್ತೆ, ಮೂವರನ್ನೂ ಬಳಗಕ್ಕೆ ವಾಪಸ್ ಸೇರಿಸಿದಳು. ಅವನಿಗೆ ಕಾಣದಿದ್ದರೇನು, ತಾನೇ ಓದಿ ಹೇಳಿದರಾಯಿತು. ಆದರೆ ಇವರೆಲ್ಲ ಗೂಟಕ್ಕೆ ತೂಗಿದ ಅಂಗಿಗಳು. ನಿಜವಾದವನು ಬರಬೇಕಿತ್ತು. ಸೂಲಗಿತ್ತಿಯ ಹೆಸರಿನಿಂದಲೇ ಮತ್ತೆ ಕಳ್ಳನಿಗೊಬ್ಬನಿಗೆ ಬರೆದಳು:

"ತಪ್ಪಾಯ್ತಣ್ಣಾ. ಅವನಿಗಿನ್ನು ಕಣ್ಣು ಬರೋದು ಅನುಮಾನ. ಬಂದು ಒಂದು ಒಳ್ಳೆ ಮಾತಾಡಿ. ಅವನಿಗೆ ಅಂತ ಇದ್ದವರು ನೀವೊಬ್ಬರೇ."

ಕಳಿಸಿದಳು.

ಮಡಿಲಲ್ಲಿದ್ದ ತಮ್ಮನ ಫೋನು ಗುಂಯ್ ಎಂದಿತು. ಬೆಳಗಿದ ಪರದೆಯ ಮೇಲೆ ಅವಳದೇ ಮಾತು, ಕಳ್ಳನ ಹೆಸರಿಗೆ ಬಂದು ನಿಂತಿತ್ತು.